ನಾಲ್ಕು ವರ್ಷದ ಮಗು ಹಠಮಾರಿಯೇ?

ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಶಾಲಾ ದಾಖಲಾತಿಯ ದಿನಗಳು ಬಂದರೆ ಹೆತ್ತವರ ದೂರು ಒಂದೇ: ವಯಸ್ಸು ಸಾಲದೆಂದು ಒಂದನೇ ತರಗತಿಗೆ ಸೇರಿಸಿಕೊಳ್ಳುತ್ತಿಲ್ಲ, ಮಗುವಿನ ಒಂದು ವರ್ಷ ವ್ಯರ್ಥವಾಯಿತು. ಹೆತ್ತವರ ಒತ್ತಾಯದ ನಡುವೆ ಸರಕಾರವು 2025-26ನೇ ಸಾಲಿಗೆ, ಯು.ಕೆ.ಜಿ. ಮುಗಿಸಿದವರಿಗಾಗಿ, ಆರು ವರ್ಷದ ನಿಯಮವನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಆ ವರ್ಷ ನಿಜಕ್ಕೂ ವ್ಯರ್ಥವೇ ಎಂದು ಕೇಳುವವರು ಮಾತ್ರ ವಿರಳ.

ಮನೋವಿಜ್ಞಾನಿಗಳ ಸರಳ ಪರೀಕ್ಷೆಯೊಂದಿದೆ. ಚಿತ್ರದ ಕಾರ್ಡುಗಳನ್ನು ಮಗು ಮೊದಲು ಬಣ್ಣದ ಪ್ರಕಾರ ವಿಂಗಡಿಸಬೇಕು, ಬಳಿಕ ಆಕಾರದ ಪ್ರಕಾರ. ಮೂರು ವರ್ಷದ ಮಗು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳುತ್ತದೆ. ಆದರೆ ಕೈ ಬಣ್ಣವನ್ನೇ ಹುಡುಕುತ್ತದೆ. ಐದರ ಹೊತ್ತಿಗೆ ಹೆಚ್ಚಿನ ಮಕ್ಕಳು ಸಲೀಸಾಗಿ ಬದಲಾಯಿಸುತ್ತಾರೆ. ಹೇಳಿದ್ದನ್ನು ನೆನಪಿನಲ್ಲಿಡುವ, ಆತುರವನ್ನು ತಡೆಯುವ, ಸಂದರ್ಭಕ್ಕೆ ತಕ್ಕಂತೆ ದಾರಿ ಬದಲಿಸುವ ಈ ಕಾರ್ಯನಿರ್ವಹಣಾ ಸಾಮರ್ಥ್ಯವು ಹಣೆಯ ಹಿಂದಿನ ಮಿದುಳಿನ ಬೆಳವಣಿಗೆಯೊಂದಿಗೆ ಬರುತ್ತದೆ. ಅದು ಮೂರರಿಂದ ಐದರವರೆಗೆ ವೇಗವಾಗಿ ಬೆಳೆದು, ಇಪ್ಪತ್ತು ದಾಟಿದ ಮೇಲೂ ಪಕ್ವವಾಗುತ್ತಿರುತ್ತದೆ. ಹಾಗಿರುವಾಗ ಗಂಟೆಗಟ್ಟಲೆ ಕೂರಲಾಗದ ನಾಲ್ಕರ ಮಗುವನ್ನು ಹಠಮಾರಿ ಎನ್ನುವುದು ಅನ್ಯಾಯ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಆದರೆ 2012ರ ತಿದ್ದುಪಡಿಯ ಪ್ರಕಾರ ಆ ಕಾಯ್ದೆ ಮದ್ರಸಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಅಲ್ಲಿ ಎಲ್ಲೇ ಬೆತ್ತವಿದ್ದರೂ ಅದನ್ನು ಕೆಳಗಿಡಿಸುವ ಹೊಣೆ ನಮ್ಮದೇ. ಮದ್ರಸದಲ್ಲಿ ಕಲಿತವರಾಗಿಯೇ ನಾವು ಇದನ್ನು ಬರೆಯುತ್ತಿದ್ದೇವೆ. ಬೀದರಿಗೆ ಅತಿಥಿಗಳು ಬಂದಾಗ 1472ರ ಮಹಮೂದ್ ಗಾವಾನ್ ಮದ್ರಸವನ್ನು ಹೆಮ್ಮೆಯಿಂದ ತೋರಿಸುವ ನಾವು, ನಮ್ಮ ಓಣಿಯ ಮಕ್ತಬ್‌ನಲ್ಲಿ ಮಕ್ಕಳು ಹೇಗೆ ಕಲಿಯುತ್ತಿದ್ದಾರೆಂದು ಒಮ್ಮೆಯಾದರೂ ಇಣುಕಿ ನೋಡಿದ್ದೇವೆಯೇ?

ಔರಾದ್‌ನಂತಹ ಗಡಿ ಪಟ್ಟಣದಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ದಖನಿ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್. ಟೀಚರ್ ಹೇಳಿದ್ದು ಅರ್ಥವಾಗದ ಮಗು ಕಿಟಕಿಯಾಚೆ ನೋಡಿದರೆ ಅದನ್ನು ಗಮನದ ಕೊರತೆ ಎಂದು ಬರೆದಿಡಲಾಗುತ್ತದೆ. ಅದಕ್ಕೆ ಮೊದಲು ಮನೆಮಾತಿನಲ್ಲೊಮ್ಮೆ ಹೇಳಿ ನೋಡಬೇಕು.

ತಾಳ್ಮೆಗೂ ನಂಬಿಕೆಗೂ ಇರುವ ಸಂಬಂಧವನ್ನು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 28 ಪುಟಾಣಿಗಳಿಗೆ, ಕಾದರೆ ಎರಡನೇ ಮಿಠಾಯಿ ಕೊಡುತ್ತೇವೆಂದು ಹೇಳಲಾಯಿತು. ಅದಕ್ಕೆ ಮುನ್ನ ಕೊಟ್ಟ ಮಾತನ್ನು ಹಿರಿಯರು ಉಳಿಸಿಕೊಂಡಿದ್ದ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ್ದ ಕಡೆ ಸುಮಾರು 3 ನಿಮಿಷ. ಅಳು ನಿಲ್ಲಿಸಲೆಂದು ‘ನಾಳೆ ತಂದುಕೊಡುತ್ತೇನೆ’ ಎನ್ನುವ ಅಬ್ಬಾ, ಅಮ್ಮಿಯರು ಇದನ್ನು ಗಮನಿಸಲಿ.

ಇದಕ್ಕೆ ದುಬಾರಿ ಶಾಲೆಯೂ ಬೇಕಿಲ್ಲ, ಕೈಗೆ ಮೊಬೈಲೂ ಬೇಕಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ಉಸಿರು ಬಿಗಿಹಿಡಿದು ಅಡಗಿ ಕೂರುವ ಮಗು ತನ್ನನ್ನು ತಾನೇ ತಡೆದುಕೊಳ್ಳುವುದನ್ನು ಕಲಿಯುತ್ತಿರುತ್ತದೆ. ನಾನಿಯ ಕಥೆಯನ್ನು ಮರುದಿನ ತಾನೇ ಹೇಳುವಾಗ ನೆನಪನ್ನು ಪೋಣಿಸುತ್ತಿರುತ್ತದೆ. ಅಂಗನವಾಡಿಗೋ ಎಲ್.ಕೆ.ಜಿ.ಗೋ ಸೇರಿಸಲು ಹೋಗುವ ಹೆತ್ತವರು, ಎಷ್ಟು ಅಕ್ಷರ ಕಲಿಸುತ್ತೀರಿ ಎಂಬುದರ ಜೊತೆಗೆ, ದಿನಕ್ಕೆ ಎಷ್ಟು ಹೊತ್ತು ಆಟಕ್ಕೆ ಬಿಡುತ್ತೀರಿ ಎಂದೂ ಕೇಳಲಿ.