ಕ್ಯಾಂಪಿಗೆ ಬಂದವರು, ಗುಳೆ ಹೋದವರು

ಗಂಗಾವತಿಯಿಂದ ಕಾರಟಗಿ ಕಡೆ ಹೊರಟರೆ ಶ್ರೀರಾಮನಗರದಂಥ ಕ್ಯಾಂಪುಗಳು ಸಿಗುತ್ತವೆ. ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಕೃಷ್ಣಾ, ಗುಂಟೂರು, ಗೋದಾವರಿ ಸೀಮೆಯ ರೈತರು ಇಲ್ಲಿಗೆ ಬಂದರು. ಅಲ್ಲಿ ಒಂದೆಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಎಕರೆ ಎರೆಭೂಮಿ ಬರುತ್ತಿತ್ತು. ಜೋಳ ಬೆಳೆದು ಗೊತ್ತಿದ್ದ ಸ್ಥಳೀಯರಿಗೆ ಕಾಲುವೆ ನೀರು ಹೊಸದು, ಬಂದವರಿಗೆ ಅದೇ ಹುಟ್ಟುಕಸುಬು. ಮೊದಲು ಒಬ್ಬ ಬಂದ, ಹಿಂದೆಯೇ ಅವನ ಭಾವಮೈದುನ, ಆಮೇಲೆ ಊರಿನ ಅರ್ಧ.

ಚೀನೀಯರ ವಲಸೆಯೂ ಹೀಗೇ ನಡೆಯಿತು. ಅವರು ಜಗತ್ತಿಗೆಲ್ಲ ಹರಡಿದ್ದಾರೆ ಎನ್ನುತ್ತೇವಾದರೂ ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರ ದಾಟಿದ ಬಹುಪಾಲು ಜನ ಗುವಾಂಗ್‌ಡಾಂಗ್, ಫೂಜಿಯಾನ್ ಎಂಬ ಎರಡೇ ಪ್ರಾಂತ್ಯದವರು. ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾ ಸೇರಿದವರಲ್ಲಿ ಹೆಚ್ಚಿನವರು ತೈಶಾನ್ ಆಸುಪಾಸಿನವರು. ಕೋಲ್ಕತ್ತದ ಟಾಂಗ್ರಾದಲ್ಲಿ ಚರ್ಮ ಹದ ಮಾಡಿದವರು ಹಕ್ಕಾಗಳು. ಬಡತನ ಚೀನಾದ ತುಂಬ ಇತ್ತು; ದಾರಿ ಬಲ್ಲ ನೆಂಟ ಎಲ್ಲರಿಗೂ ಇರಲಿಲ್ಲ.

ಗಂಗಾವತಿಯ ಜಿಲ್ಲೆಯಲ್ಲೇ ಇರುವ ಕುಷ್ಟಗಿ, ಯಲಬುರ್ಗಾದಲ್ಲಿ ಆ ನೆಂಟನ ಜಾಗದಲ್ಲಿ ಮೇಸ್ತ್ರಿ ಇದ್ದಾನೆ. ಇದು ಮಳೆ ನಂಬಿದ ನೆಲ. ಸಜ್ಜೆ, ಜೋಳದ ಸುಗ್ಗಿ ಮುಗಿಯಿತೆಂದರೆ ಕೈಗೆ ಕೆಲಸವಿಲ್ಲ. ಮೇಸ್ತ್ರಿ ಮುಂಗಡ ಕೊಡುತ್ತಾನೆ. ಅದು ಮದುವೆಗೋ ಹಳೇ ಸಾಲಕ್ಕೋ ಕರಗುತ್ತದೆ. ಕುಟುಂಬ ಗುಳೆ ಹೊರಡುತ್ತದೆ. ಮಂಗಳೂರೋ ಗೋವಾವೋ ಬೆಂಗಳೂರೋ ಎಂಬುದು ಮೇಸ್ತ್ರಿಗೆ ಗುರುತಿರುವ ಗುತ್ತಿಗೆದಾರ ಎಲ್ಲಿದ್ದಾನೆ ಎಂಬುದರ ಮೇಲೆ. ಊರಲ್ಲಿ ಉಳಿಯುವುದು ಬೀಗ ಬಿದ್ದ ಬಾಗಿಲು, ಇಲ್ಲವೇ ಶಾಲೆಗೆ ಹೋಗುವ ಮೊಮ್ಮಗನನ್ನು ಕಟ್ಟಿಕೊಂಡ ಅಜ್ಜಿ.

ಬಂಡವಾಳ ಹಿಡಿದು ಬಂದವನು ಹೊಲ, ಅಕ್ಕಿ ಗಿರಣಿ ಮಾಡಿಕೊಂಡ. ಸಾಲ ಹೊತ್ತು ಹೋದವನು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದಾನೆ. ದುಡಿಮೆಯಲ್ಲಿ ಇಬ್ಬರೂ ಕಡಿಮೆಯೇನಲ್ಲ. ಆದರೆ ಬಂದವರ ಏಳಿಗೆಗೆ ಒಂದು ಬೆಲೆಯೂ ಇತ್ತು. ಎಡದಂಡೆ ಕಾಲುವೆಯನ್ನು ಹೆಚ್ಚಾಗಿ ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆಗೆಂದೇ ಯೋಜಿಸಿದ್ದರು. ಮೇಲ್ಭಾಗದಲ್ಲಿ ಭತ್ತ ಹರಡಿ ಮಾನ್ವಿ, ರಾಯಚೂರಿನ ಕೊನೆಭಾಗಕ್ಕೆ ನೀರು ಸಾಲದಾಯಿತು. ಅದಕ್ಕೆ ಕ್ಯಾಂಪಿನವರನ್ನಷ್ಟೇ ದೂರುವುದು ತಪ್ಪು. ಲಾಭ ಕಂಡ ಮೇಲೆ ಸ್ಥಳೀಯರೂ ಭತ್ತಕ್ಕೇ ಇಳಿದರು.

ಗುಳೆ ಹೋದವರನ್ನು ಸರ್ಕಾರ ಲೆಕ್ಕಕ್ಕೆ ಹಿಡಿದ ಬಗೆಯಂತೂ ವಿಚಿತ್ರ. 2025ರವರೆಗೆ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ರೂಪುಗೊಂಡದ್ದೇ ರಾಜ್ಯದ ಗಡಿ ದಾಟುವವರಿಗಾಗಿ. ಯಲಬುರ್ಗಾದಿಂದ ಗುತ್ತಿಗೆದಾರನ ಮೂಲಕ ಗೋವಾಕ್ಕೆ ಹೋದವನಿಗೆ ಅದರ ಆಸರೆ ಕಾಗದದ ಮೇಲಾದರೂ ಇತ್ತು. ಅದಕ್ಕಿಂತ ದೂರದ ಮಂಗಳೂರಿಗೆ ಹೋದವನು ಆ ಕಾಯ್ದೆಯ ಪ್ರಕಾರ ವಲಸೆ ಕಾರ್ಮಿಕನೇ ಆಗಿರಲಿಲ್ಲ.