ಶುಶ್ರೂಷೆ ಮಾಡುವವಳ ಬೆನ್ನು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯು ಎಷ್ಟೋ ಮನೆಗಳಲ್ಲಿ ವೈದ್ಯರ ಬಳಿಗೆ ಹೋಗುವ ದಾರಿಯನ್ನೇ ಅಡ್ಡಗಟ್ಟಿದೆ. ಮುಪ್ಪಿನ ಸಣ್ಣಪುಟ್ಟ ಮರೆವು ಬೇರೆ, ಮೆದುಳಿನ ಜೀವಕೋಶಗಳು ನಶಿಸುತ್ತ ಬರುವ ಡಿಮೆನ್ಷಿಯಾ ಬೇರೆ. 1906ರಲ್ಲಿ ಜರ್ಮನಿಯ ವೈದ್ಯ ಆಲ್ಜೈಮರ್ ಇದರ ಒಂದು ಬಗೆಯನ್ನು ವಿವರಿಸಿದ ಮೇಲೆ ರೋಗಿಯ ವಿಷಯವಾಗಿ ಬಹಳ ಬರೆದಿದ್ದಾರೆ. ರೋಗಿಯ ಪಕ್ಕದಲ್ಲಿ ನಿಂತವಳನ್ನು ಕುರಿತು ಬರೆದುದು ಕಡಿಮೆ. ಅಮೆರಿಕದ ನ್ಯಾನ್ಸಿ ಮೇಸ್ ಮತ್ತು ಪೀಟರ್ ರಾಬಿನ್ಸ್ ಇಂತಹ ಮನೆಯವರಿಗಾಗಿ 1981ರಲ್ಲಿ ಹೊರತಂದ ಪುಸ್ತಕದ ಹೆಸರು ‘36 ಗಂಟೆಗಳ ದಿನ’. ಹೆಸರೇ ಎಲ್ಲವನ್ನೂ ಹೇಳುತ್ತದೆ.

ಮಾವನವರು ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುತ್ತಾರೆ; ನಡುರಾತ್ರಿಯಲ್ಲಿ ಕಚೇರಿಗೆ ಹೊತ್ತಾಯಿತೆಂದು ಬಾಗಿಲ ಚಿಲಕ ತೆಗೆಯುತ್ತಾರೆ. ಸೊಸೆಯು ಅವರ ಗುಳಿಗೆಗಳನ್ನು ತಪ್ಪದೆ ಕೊಡುತ್ತಾಳೆ. ತನ್ನ ರಕ್ತದೊತ್ತಡದ ಗುಳಿಗೆಯನ್ನು ಮರೆಯುತ್ತಾಳೆ. ವ್ಯಾಯಾಮವೆಂದರೆ ಅವಳಿಗೆ ನಗು ಬಂದೀತು. ಮನೆಗೆಲಸವೇ ವ್ಯಾಯಾಮವಲ್ಲವೇ? ಅಲ್ಲ. ಬಾಗುವ, ಎತ್ತುವ ಕೆಲಸವು ಬೆನ್ನನ್ನು ದಣಿಸುತ್ತದೆಯೇ ಹೊರತು ಸಡಿಲಿಸುವುದಿಲ್ಲ.

ಹಾಲು ಕಾಯುವಷ್ಟು ಹೊತ್ತು ಸಾಕು. ಒಲೆಯ ಮುಂದೆ ನಿಂತಂತೆಯೇ ಭುಜಗಳನ್ನು ಕಿವಿಯತ್ತ ಎತ್ತಿ, ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಇಳಿಬಿಡಬೇಕು. ಅಡಿಗೆಕಟ್ಟೆಯನ್ನು ಹಿಡಿದು ಹಿಮ್ಮಡಿಗಳನ್ನು ಹತ್ತು ಸಲ ಎತ್ತಿ ಇಳಿಸಬೇಕು. ಉಸಿರನ್ನು ಎಳೆದುಕೊಂಡುದಕ್ಕಿಂತ ನಿಧಾನವಾಗಿ ಬಿಡಬೇಕು. ನೋವಾದೊಡನೆ ನಿಲ್ಲಿಸತಕ್ಕದ್ದು, ನೋವನ್ನು ಸಹಿಸುವ ಅಭ್ಯಾಸ ಅವಳಿಗೆ ಈಗಾಗಲೇ ಬೇಕಾದಷ್ಟಿದೆ.

ಹಿರಿಯರನ್ನು ಕುರ್ಚಿಯಿಂದ ಎಬ್ಬಿಸುವಾಗ ರಟ್ಟೆ ಹಿಡಿದು ಜಗ್ಗುವುದು ಇಬ್ಬರಿಗೂ ಅಪಾಯ. ಮೊದಲು ಅವರು ಕುರ್ಚಿಯ ಅಂಚಿಗೆ ಸರಿಯಲಿ. ಪಾದಗಳನ್ನು ನೆಲಕ್ಕೆ ಊರಿ ಮುಂದಕ್ಕೆ ಬಾಗಲಿ. ಎಬ್ಬಿಸುವವಳು ಕಾಲುಗಳನ್ನು ಅಗಲಿಸಿ, ಸೊಂಟದ ಬದಲು ಮಂಡಿಗಳನ್ನು ಬಗ್ಗಿಸಿ, ಹತ್ತಿರವೇ ನಿಂತು ಆಸರೆ ಕೊಟ್ಟರೆ ಬೆನ್ನಿಗೆ ಪೆಟ್ಟಾಗುವ ಭಯ ಕಡಿಮೆ. ಏಳಲಾರದವರನ್ನು ಒಬ್ಬಳೇ ಎತ್ತುವ ಸಾಹಸ ಸಲ್ಲದು.

ಸಂಜೆಗತ್ತಲಾದಂತೆ ಕೆಲವರಿಗೆ ಚಡಪಡಿಕೆ ಹೆಚ್ಚುತ್ತದೆ. ಅದಕ್ಕೆ ಮುಂಚೆಯೇ ಅವರನ್ನು ಬೀದಿಯ ತುದಿಯವರೆಗೆ ನಡೆಸಿಕೊಂಡು ಬರುವುದು ಇಬ್ಬರಿಗೂ ಹಿತ. ಆದರೆ ಅದನ್ನು ಅವಳ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸಬಾರದು. ಅವಳು ಒಬ್ಬಳೇ ನಡೆದು ಬರುವ ಅರ್ಧ ಗಂಟೆ ಬೇರೆಯೇ ಬೇಕು. ಅದನ್ನು ಗಂಡನೋ ನಾದಿನಿಯೋ ಅವಳು ಕೇಳುವ ಮುನ್ನವೇ ಬಿಡಿಸಿಕೊಡಬೇಕು. ಮಾವನವರು ಗಂಡನಿಗೆ ತಂದೆಯೆಂಬುದನ್ನು ಕೆಲವು ಮನೆಗಳಲ್ಲಿ ನೆನಪಿಸಬೇಕಾಗಿದೆ.

ರೇಗಿ ಕೈಯೆತ್ತುವ ಮಟ್ಟಕ್ಕೆ ಮನಸ್ಸು ಬಂದ ದಿನ, ಇನ್ನೊಬ್ಬರನ್ನು ಕೂರಿಸಿ ಜಗಲಿಗೆ ಹೋಗಿ ನಿಲ್ಲುವುದರಲ್ಲಿ ನಾಚಿಕೆಯೇನೂ ಇಲ್ಲ. ಮನೆಯಲ್ಲಿ ಹೇಳಿಕೊಳ್ಳಲಾರದುದನ್ನು ಹೇಳಲು 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯಿದೆ. ಸಂಖ್ಯೆ 14416; ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.