ಧ್ವನಿಗೂ ಒಂದು ಸ್ಥಾನವುಂಟು

ಮನೆಗೊಂದು ಕಂಪ್ಯೂಟರ್ ಬಂದಾಗ ಅದರ ಮೇಜು, ಕುರ್ಚಿ, ದೀಪ ಇವುಗಳ ಬಗ್ಗೆ ನಾವೆಲ್ಲರೂ ಸಾಕಷ್ಟು ಆಲೋಚಿಸುತ್ತೇವೆ. ಮಕ್ಕಳ ಕಣ್ಣಿಗೆ ಆಯಾಸವಾಗದಿರಲಿ, ಬೆನ್ನು ಬಾಗದಿರಲಿ ಎಂದು ಕಾಳಜಿ ವಹಿಸುತ್ತೇವೆ. ಆದರೆ ಕಿವಿಯ ಸರದಿ ಬಂದಾಗ ಮಾತ್ರ, ಅಂಗಡಿಯವರು ಕೊಟ್ಟ ಎರಡು ಸ್ಪೀಕರ್‌ಗಳನ್ನು ಮೇಜಿನ ಯಾವುದೋ ಮೂಲೆಗೆ ತಳ್ಳಿ ಸುಮ್ಮನಾಗುತ್ತೇವೆ. ಇಂದು ಆ ಮೇಜು ಕೇವಲ ಲೆಕ್ಕಪತ್ರದ ಸ್ಥಳವಾಗಿ ಉಳಿದಿಲ್ಲ. ಮಕ್ಕಳ ಪಾಠ, ಹಿರಿಯರ ಸಂಗೀತಶ್ರವಣ, ಪರದೇಶದಲ್ಲಿ ನೆಲೆಸಿದ ಮಗಳ ಕ್ಷೇಮಸಮಾಚಾರ ಎಲ್ಲವೂ ಅಲ್ಲಿಂದಲೇ ನಮ್ಮ ಕಿವಿಗೆ ಬೀಳುತ್ತಿವೆ. ಹೀಗಿರುವಾಗ ಆ ಧ್ವನಿ ಹೇಗಿರಬೇಕು, ಅದನ್ನು ಹೊರಡಿಸುವ ಸಾಧನವನ್ನು ಎಲ್ಲಿಡಬೇಕು ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಒಳ್ಳೆಯ ಧ್ವನಿ ಎಂದರೆ ದೊಡ್ಡ ಧ್ವನಿ ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ಒಳ್ಳೆಯ ಧ್ವನಿಯ ಲಕ್ಷಣ ಸ್ಪಷ್ಟತೆ. ಕಡಿಮೆ ಪ್ರಮಾಣದಲ್ಲಿಯೂ ಪ್ರತಿಯೊಂದು ಅಕ್ಷರ ಬೇರೆಬೇರೆಯಾಗಿ ಕೇಳಿಸಿದರೆ ಅದು ಒಳ್ಳೆಯ ಧ್ವನಿ. ಈ ಸ್ಪಷ್ಟತೆಯ ಬಹುಪಾಲು ಹಣದಿಂದ ಬರುವುದಿಲ್ಲ, ಇಡುವ ಕ್ರಮದಿಂದ ಬರುತ್ತದೆ. ಸಾಧಾರಣ ಬೆಲೆಯ ಸ್ಪೀಕರ್ ಸರಿಯಾದ ಸ್ಥಾನದಲ್ಲಿದ್ದರೆ, ತಪ್ಪು ಸ್ಥಾನದಲ್ಲಿರುವ ದುಬಾರಿ ಸ್ಪೀಕರನ್ನು ಮೀರಿಸುವುದುಂಟು.

ಮೊದಲು ಸ್ಪೀಕರಿನ ಕೆಲಸವನ್ನು ತಿಳಿದುಕೊಳ್ಳಬೇಕು. ಇಂದಿನ ಸ್ಪೀಕರಿನ ಮೂಲಸ್ವರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು 1925ರಲ್ಲಿ ಪ್ರಕಟಿಸಿದರು. ಅಯಸ್ಕಾಂತದ ನಡುವಿನ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಸುರುಳಿ ಹಿಂದೆಮುಂದೆ ಚಲಿಸುತ್ತದೆ. ಅದಕ್ಕಂಟಿದ ಶಂಕುವಿನಾಕಾರದ ಕಾಗದ ಗಾಳಿಯನ್ನು ತಳ್ಳುತ್ತದೆ. ಶತಮಾನ ಕಳೆದರೂ ತತ್ತ್ವ ಬದಲಾಗಿಲ್ಲ. ತಗ್ಗಿನ ಸ್ವರಗಳಿಗೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಆದ್ದರಿಂದಲೇ ಲ್ಯಾಪ್‌ಟಾಪಿನೊಳಗಿನ ಅಂಗುಲದಷ್ಟು ಅಗಲದ ಸ್ಪೀಕರಿನಿಂದ ತಂಬೂರಿಯ ಖರ್ಜವಾಗಲಿ, ತಬಲಾದ ಬಾಯಾದ ಗುಂಕಾರವಾಗಲಿ ತುಂಬಿ ಬರಲಾರದು. ಅದನ್ನು ಎಷ್ಟು ಜೋರು ಮಾಡಿದರೂ ಕಿರಿಚುವಿಕೆ ಹೆಚ್ಚುವುದೇ ಹೊರತು ಗಾಂಭೀರ್ಯ ಹೆಚ್ಚದು. ಹಾಗಾಗಿ ಪ್ರತಿದಿನ ಬಳಸುವ ಮೇಜಿಗೆ ಒಂದು ಜೊತೆ ಪ್ರತ್ಯೇಕ ಸ್ಪೀಕರ್ ಅಗತ್ಯ.

ಕೊಳ್ಳುವಾಗ ವ್ಯಾಟ್ ಎಂಬ ಅಂಕಿಗೆ ಮರುಳಾಗಬಾರದು. ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಒ. ಎಂದು ದೊಡ್ಡದಾಗಿ ಮುದ್ರಿಸಿದ ಸಂಖ್ಯೆ ಜಾಹೀರಾತಿನ ಸಂಖ್ಯೆ, ಆರ್.ಎಂ.ಎಸ್. ಎಂದು ಕೊಟ್ಟಿರುವುದನ್ನು ಮಾತ್ರ ಗಮನಿಸಬೇಕು. ಅದು ಕೂಡ ಬಹಳ ಇರಬೇಕಾಗಿಲ್ಲ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿ 6 ಡೆಸಿಬಲ್ ಇಳಿಯುತ್ತದೆ. ಮೇಜಿನ ಮುಂದೆ ಕುಳಿತವರಿಗೂ ಸ್ಪೀಕರಿಗೂ ಎರಡೂವರೆ ಅಡಿ ಮಾತ್ರ ಅಂತರ. ಹತ್ತು ಅಡಿ ದೂರದ ಸೋಫಾದಲ್ಲಿ ಕುಳಿತು ಕೇಳುವವರಿಗೆ ಬೇಕಾದ ಶಕ್ತಿಯ ಸಣ್ಣ ಪಾಲೇ ಇಲ್ಲಿ ಸಾಕು. ಇದಲ್ಲದೆ ವ್ಯಾಟ್ ಇಮ್ಮಡಿಯಾದರೂ ಧ್ವನಿ ಏರುವುದು 3 ಡೆಸಿಬಲ್ ಮಾತ್ರ. ಆಂಪ್ಲಿಫೈಯರ್ ಒಳಗೇ ಇರುವ, ತಗ್ಗು ಸ್ವರಕ್ಕೊಂದು ವೂಫರ್ ಮತ್ತು ಎತ್ತರದ ಸ್ವರಕ್ಕೊಂದು ಟ್ವೀಟರ್ ಉಳ್ಳ, ಗಟ್ಟಿಮುಟ್ಟಾದ ಪೆಟ್ಟಿಗೆಯ ಒಂದು ಜೊತೆ ಸಣ್ಣ ಸ್ಪೀಕರ್ ಮನೆಯ ಮೇಜಿಗೆ ಯಥೇಷ್ಟ. ಪ್ರತ್ಯೇಕ ಸಬ್‌ವೂಫರ್ ಇಲ್ಲದಿದ್ದರೆ ನಷ್ಟವಿಲ್ಲ; ಅಕ್ಕಪಕ್ಕದ ಮನೆಯವರಿಗಂತೂ ಲಾಭವೇ.

ಇನ್ನು ಇಡುವ ಕ್ರಮಕ್ಕೆ ಬರೋಣ. ಎರಡು ಸ್ಪೀಕರ್ ಮತ್ತು ಕೇಳುವವರ ತಲೆ, ಈ ಮೂರೂ ಸಮಭುಜ ತ್ರಿಕೋನದ ಮೂರು ಮೂಲೆಗಳಂತಿರಬೇಕು. ಸ್ಪೀಕರ್‌ಗಳ ನಡುವೆ ಎರಡೂವರೆ ಅಡಿ ಅಂತರವಿದ್ದರೆ, ಪ್ರತಿಯೊಂದರಿಂದ ಕಿವಿಗೂ ಅಷ್ಟೇ ಅಂತರ. ಎರಡೂ ಸ್ವಲ್ಪ ಒಳಮುಖವಾಗಿ ಕುಳಿತವರತ್ತ ತಿರುಗಿರಬೇಕು. ಟ್ವೀಟರ್ ಕಿವಿಯ ಮಟ್ಟದಲ್ಲಿರುವುದು ಅತ್ಯಗತ್ಯ. ಏಕೆಂದರೆ ಎತ್ತರದ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಮೇಜಿನ ಮೇಲೆ ಸಪಾಟಾಗಿ ಇಟ್ಟ ಸಣ್ಣ ಸ್ಪೀಕರ್ ನಮ್ಮ ಎದೆಗೆ ಪಾಠ ಹೇಳುತ್ತದೆಯೇ ವಿನಾ ಕಿವಿಗಲ್ಲ. ಅದರಡಿ ಒಂದು ಮರದ ಮಣೆಯನ್ನೋ ಗಟ್ಟಿ ರಟ್ಟಿನ ಹಳೆಯ ಪುಸ್ತಕಗಳನ್ನೋ ಇಟ್ಟು ಎತ್ತರಿಸಬಹುದು, ಇಲ್ಲವೇ ಮುಂಭಾಗವನ್ನು ಕೊಂಚ ಮೇಲೆತ್ತಿ ಓರೆಯಾಗಿಸಬಹುದು.

ಎತ್ತರಿಸುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ಸ್ಪೀಕರಿನ ಧ್ವನಿ ಕಿವಿಗೆ ನೇರವಾಗಿಯೂ ಬರುತ್ತದೆ, ಮೇಜಿನ ನುಣುಪಾದ ಹಲಗೆಗೆ ತಾಗಿ ಪುಟಿದೂ ಬರುತ್ತದೆ. ಪುಟಿದ ಧ್ವನಿ 17 ಸೆಂ.ಮೀ. ಹೆಚ್ಚು ದೂರ ಸಾಗಿ ಬಂತೆನ್ನಿ. ಆಗ 1,000 ಹರ್ಟ್ಸ್ ಆಸುಪಾಸಿನ ಸ್ವರಗಳಲ್ಲಿ ಒಂದು ಅಲೆಯ ಏರು ಇನ್ನೊಂದರ ಇಳಿಯನ್ನು ಸೇರಿ ಎರಡೂ ಕುಗ್ಗುತ್ತವೆ. ಮಾತಿನ ಸ್ಪಷ್ಟತೆಗೆ ಬೇಕಾದ ವ್ಯಾಪ್ತಿಯೊಳಗೇ ಈ ಕುಂದು ಬೀಳುವುದರಿಂದ ಮೇಷ್ಟ್ರ ಪಾಠ ಕೊಡದೊಳಗಿನಿಂದ ಬಂದಂತೆ ಕೇಳಿಸುತ್ತದೆ. ಸ್ಪೀಕರಿನಡಿ ರಬ್ಬರ್ ಅಥವಾ ದಪ್ಪ ಫೋಮಿನ ತುಂಡನ್ನಿಟ್ಟರೆ ಹಲಗೆ ತಾನೂ ನಡುಗಿ ಗುಂಯ್‌ಗುಡುವುದು ನಿಲ್ಲುತ್ತದೆ.

ಗೋಡೆಯ ವಿಷಯವನ್ನೂ ಮರೆಯಲಾಗದು. ಗೋಡೆಗೆ ಆನಿಸಿ, ಅದರಲ್ಲಿಯೂ ಮೂಲೆಗೆ ಸೇರಿಸಿ ಇಟ್ಟ ಸ್ಪೀಕರಿನ ತಗ್ಗು ಸ್ವರಗಳು ಅಸಹಜವಾಗಿ ಉಬ್ಬುತ್ತವೆ. ಹಿಂಬದಿಯಲ್ಲಿ ಗಾಳಿಯ ರಂಧ್ರವಿದ್ದರಂತೂ ಗೇಣು ಜಾಗವನ್ನಾದರೂ ಬಿಡಬೇಕು. ನಮ್ಮ ಮನೆಗಳ ಸಿಮೆಂಟಿನ ಗೋಡೆ, ಗ್ರಾನೈಟ್ ನೆಲ ಇವೆಲ್ಲ ಧ್ವನಿಯನ್ನು ಹೀರದೆ ಹಿಂದಿರುಗಿಸುತ್ತವೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಅದರ ಬೆನ್ನಿಗೇ ಝಣಝಣ ಸದ್ದು ಉಳಿದರೆ ಕೋಣೆಗೆ ಉಪಚಾರ ಬೇಕೆಂದರ್ಥ. ಕಿಟಕಿಗೆ ದಪ್ಪ ಪರದೆ, ನೆಲಕ್ಕೊಂದು ಜಮಖಾನೆ, ಗೋಡೆಗೊಂದು ಪುಸ್ತಕದ ಕಪಾಟು ಇವೇ ಆ ಉಪಚಾರ. ಪುಸ್ತಕಗಳು ಓದಿದಾಗ ಅರಿವನ್ನೂ ಓದದಿದ್ದಾಗ ಮೌನವನ್ನೂ ಕೊಡುತ್ತವೆ!

ಅನೇಕರ ದೂರು ಸ್ಪೀಕರಿನಿಂದ ನಿರಂತರ ಬರುವ ‘ಹಮ್’ ಎಂಬ ಸದ್ದಿನದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಕಂಪ್ಯೂಟರ್ ಒಂದು ಪ್ಲಗ್ಗಿನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ ಇದ್ದಾಗ ಎರಡರ ಅರ್ಥಿಂಗ್ ತಂತಿಗಳ ನಡುವೆ ಸಣ್ಣ ಪ್ರವಾಹ ಸುತ್ತಿ ಆ ಸದ್ದನ್ನು ಹುಟ್ಟಿಸುವುದುಂಟು. ಎರಡನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಸೇರಿಸಿದರೆ ಬಹುತೇಕ ನಿಲ್ಲುತ್ತದೆ. ಆಡಿಯೋ ವೈರನ್ನು ಕರೆಂಟಿನ ವೈರಿನ ಜೊತೆಗೆ ಸುತ್ತಿ ಕಟ್ಟಬಾರದು. ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಮುರಿಯುವ ಸಾಹಸವನ್ನು ಯಾರೂ ಎಂದಿಗೂ ಮಾಡಕೂಡದು. ಅದು ಪ್ರಾಣ ಕಾಯುವ ಪಿನ್ನು. ಕಂಪ್ಯೂಟರಿನೊಳಗಿನ ಗುಜುಗುಜು ಸದ್ದೇ ಕೇಳಿಸುತ್ತಿದ್ದರೆ ಯು.ಎಸ್.ಬಿ.ಗೆ ಜೋಡಿಸುವ ಡ್ಯಾಕ್ ಎಂಬ ಪುಟ್ಟ ಸಾಧನ ನೆರವಾಗುತ್ತದೆ. ಅಂಕಿಗಳ ರೂಪದ ಧ್ವನಿಯನ್ನು ವಿದ್ಯುತ್ತಿನ ಅಲೆಯಾಗಿಸುವ ಕೆಲಸವನ್ನು ಅದು ಕಂಪ್ಯೂಟರಿನ ಹೊರಗೆ ಮಾಡುತ್ತದೆ. ಬ್ಲೂಟೂತ್ ಅನುಕೂಲವೇನೋ ಹೌದು. ಆದರೆ ಧ್ವನಿ ಕ್ಷಣಕಾಲ ತಡವಾಗುವುದರಿಂದ ತುಟಿ ಒಂದಾಡಿದರೆ ಮಾತು ಇನ್ನೊಂದು ಕೇಳಿಸಬಹುದು. ಮೇಜಿನ ಮೇಲೆ ವೈರೇ ಲೇಸು.

ಎಲ್ಲವನ್ನೂ ಜೋಡಿಸಿದ ಮೇಲೆ ಪರೀಕ್ಷೆ ಹೇಗೆ? ಎರಡು ಮಾರ್ಗಗಳ ಸ್ಟೀರಿಯೋ ಪದ್ಧತಿಗೆ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲಿ ಪೇಟೆಂಟ್ ಕೋರಿದರು. ಅದಕ್ಕೂ ಮೊದಲಿನಿಂದ ಬಂದ ಮೋನೋ ಧ್ವನಿಮುದ್ರಣಗಳಲ್ಲಿ ಎರಡೂ ಸ್ಪೀಕರಿಗೆ ಒಂದೇ ಧ್ವನಿ. ಧಾರವಾಡದ ಪಂಡಿತ ಮಲ್ಲಿಕಾರ್ಜುನ ಮನ್ಸೂರರ (1910–1992) ಹಳೆಯ ಮೋನೋ ಮುದ್ರಣವೊಂದನ್ನು ಹಾಕಿ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಕಂಠ ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ, ನಟ್ಟನಡುವೆ ಮಾನಿಟರ್ ಇರುವೆಡೆಯಿಂದ ಬಂದಂತೆ ತೋರಬೇಕು. ಒಂದು ಬದಿಗೆ ವಾಲಿದರೆ ದೂರವನ್ನು ಅಳೆದು ಸರಿಪಡಿಸಬೇಕು. ನಡುವೆ ನಿಲ್ಲದೆ ಚದುರಿದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ತಂತಿಗಳು ಅದಲುಬದಲಾಗಿವೆಯೇ ಎಂದು ನೋಡಬೇಕು. ಹಳೆಯ ಮುದ್ರಣದ ‘ಸುಂಯ್’ ಸದ್ದು ಸ್ಪೀಕರಿನ ದೋಷವಲ್ಲ. ಮಾತಿನ ಪರೀಕ್ಷೆಗೆ ಸಾಲು, ಶಾಲು, ಚಾಲು ಎಂಬ ಪದಗಳನ್ನು ಒಬ್ಬರು ಫೋನಿನಲ್ಲಿ ಮುದ್ರಿಸಿ ಕೇಳಿಸಲಿ. ಮೂರೂ ಬೇರೆಬೇರೆಯಾಗಿ ಕೇಳಿಸಿದರೆ ಜೋಡಣೆ ಸರಿಯಿದೆ.

ಈ ಪರೀಕ್ಷೆ ಮನೆಯ ಹಿರಿಯರಿಗೆ ಬಹು ಮುಖ್ಯ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಸ, ಶ, ಚ ಮುಂತಾದ ಅಕ್ಷರಗಳ ಗುರುತು ಅಡಗಿರುವುದೂ ಅಲ್ಲಿಯೇ. ಅಜ್ಜನವರು “ಸದ್ದೇನೋ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ” ಎನ್ನುವುದು ಹಟವಲ್ಲ, ದೇಹಧರ್ಮ. ಆಗ ಧ್ವನಿಯನ್ನು ಏರಿಸಿದರೆ ತಗ್ಗು ಸ್ವರಗಳ ಗದ್ದಲ ಹೆಚ್ಚಿ ಮಾತು ಮತ್ತಷ್ಟು ಮುಳುಗುತ್ತದೆ. ‘ಬಾಸ್ ಬೂಸ್ಟ್’ ಎಂಬ ಅಲಂಕಾರವನ್ನು ತೆಗೆದು, ಸ್ಪೀಕರನ್ನು ಅವರ ಕಿವಿಯ ಮಟ್ಟಕ್ಕೆ ತಂದು, ಹತ್ತಿರ ಕೂರಿಸಿದರೆ ಮೊಮ್ಮಗಳ ಮಾತು ಅವರಿಗೂ ತಿಳಿದೀತು. ಮಾತು ತಿಳಿಯದ ಹಿರಿಯರು ಕ್ರಮೇಣ ಮಾತುಕತೆಯಿಂದಲೇ ದೂರ ಸರಿಯುತ್ತಾರೆ. ಹಾಗಾಗದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.

ಕಿರಿಯರ ಅಪಾಯ ಬೇರೆ ಬಗೆಯದು. ಒಳಗಿವಿಯಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಧರಿಸಿ ಕೇಳುವ ಸಾಧನಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ 40 ಗಂಟೆ 75 ಡೆಸಿಬಲ್ ಮಿತಿ. ಧ್ವನಿ 3 ಡೆಸಿಬಲ್ ಏರಿದಂತೆಲ್ಲ ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್ ಆದರೆ ವಯಸ್ಕರಿಗೂ ವಾರಕ್ಕೆ 4 ಗಂಟೆ ಮಾತ್ರ. ಎದುರು ಕುಳಿತವರ ಸಹಜ ಮಾತು 60 ಡೆಸಿಬಲ್ ಸುಮಾರಿಗಿರುತ್ತದೆ. ಪಾಠವಾಗಲಿ ಪದವಾಗಲಿ ಅದಕ್ಕಿಂತ ಬಹಳ ಜೋರಾಗಿರಬೇಕಾದ ಕಾರಣವೇ ಇಲ್ಲ.

ಹಾಗಿದ್ದರೂ ನಾವು ಜೋರು ಮಾಡುವುದೇಕೆ? 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಧ್ವನಿ ತಗ್ಗಿದಾಗ ನಮ್ಮ ಕಿವಿಗೆ ತಗ್ಗು ಸ್ವರಗಳು ಇನ್ನಷ್ಟು ಕಡಿಮೆ ಕೇಳಿಸುತ್ತವೆ. ಸಂಗೀತ ತೆಳುವಾಯಿತೆನ್ನಿಸಿ ಕೈ ತಾನಾಗಿ ಗುಂಡಿಯತ್ತ ಹೋಗುತ್ತದೆ. ಫ್ಯಾನಿನ ಸದ್ದು, ಬೀದಿಯ ಹಾರ್ನ್, ಪಕ್ಕದ ಕೋಣೆಯ ಟಿ.ವಿ. ಇವೂ ಸೇರಿದರೆ ಕೇಳುವುದೇ ಬೇಡ. ಆದ್ದರಿಂದ ಧ್ವನಿ ಏರಿಸುವ ಮೊದಲು ಗದ್ದಲವನ್ನು ಇಳಿಸಬೇಕು: ಕಿಟಕಿ ಮುಚ್ಚಿ, ಟಿ.ವಿ. ಆರಿಸಿ, ಸ್ಪೀಕರನ್ನು ಹತ್ತಿರ ತನ್ನಿ. ಇಡೀ ಮನೆ ಒಪ್ಪಿದ ಮಟ್ಟವೊಂದನ್ನು ಗೊತ್ತುಮಾಡಿ ಸ್ಪೀಕರಿನ ಗುಂಡಿಯ ಪಕ್ಕದಲ್ಲಿ ಬಣ್ಣದ ಚುಕ್ಕೆಯಿಟ್ಟು, ಅದನ್ನು ದಾಟಬಾರದೆಂಬ ನಿಯಮ ಮಾಡಿಕೊಂಡರೆ ಪ್ರತಿದಿನದ ವಾದವಿವಾದವೂ ತಪ್ಪುತ್ತದೆ. ಆ ನಿಯಮ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಅನ್ವಯಿಸಬೇಕು.

ಮುಂದಿನ ಭಾನುವಾರ ಮನೆಮಂದಿಯೆಲ್ಲ ಸೇರಿ ಅಳತೆಪಟ್ಟಿಯೊಂದನ್ನು ಹಿಡಿದು ಅರ್ಧ ಗಂಟೆ ಈ ಕೆಲಸಕ್ಕೆ ವಿನಿಯೋಗಿಸಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ. ಹೊಸ ಸ್ಪೀಕರ್ ಕೊಳ್ಳುವ ವಿಚಾರ ಅದಾದ ಮೇಲೆ ಬರಲಿ. ಕೆಟ್ಟ ಸ್ಪೀಕರಿಗೆ ಅಂಗಡಿಯಲ್ಲಿ ಬದಲಿ ಸಿಗುತ್ತದೆ. ಕೆಟ್ಟ ಕಿವಿಗೆ ಯಾವ ಅಂಗಡಿಯಲ್ಲಿಯೂ ಬದಲಿ ಸಿಗದು.